ಅಣಬೆ ಕೋಣೆಯ ಉಕ್ಕಿನ ಡಬ್ಬಿ

ಶಶಿಕಾಂತ ಸಿಡುಕಿನವನಲ್ಲ. ಆದರೆ ಈಚೆಗೆ ವೈಫೈ ಎಂಬ ಹೆಸರು ಕಿವಿಗೆ ಬಿದ್ದರೆ ಸಾಕು, ಅವನ ಹಣೆಯ ನರ ಎದ್ದು ನಿಲ್ಲುತ್ತದೆ.

ತಾರಿಹಾಳದಲ್ಲಿ ಅವನದೊಂದು ತಗಡಿನ ಶೆಡ್ಡು. ಕೋಳಿಮರಿಗಳಿಗೆ ಕಾವು ಕೊಡುವ, ಅಣಬೆ ಬೆಳೆಯುವ ಕೋಣೆಗೆ ಹೊತ್ತುಹೊತ್ತಿಗೆ ಮಂಜು ಸಿಂಪಡಿಸುವ ಯಂತ್ರಗಳ ಬೋರ್ಡು ಅವನು ಮಾಡುತ್ತಾನೆ, ತಿಂಗಳಿಗೆ ನಾಲ್ಕೇ ನಾಲ್ಕು. ಅದನ್ನು ಕೂಡಿಸುವ ಉಕ್ಕಿನ ಡಬ್ಬಿ ಹಳೇ ಹುಬ್ಬಳ್ಳಿಯ ಗೆಳೆಯ ಯಾಸೀನನದು. ಆ ಡಬ್ಬಿಯೊಳಗೆ ನೀರು ಇಳಿಯದು, ಇಲಿಯ ಹಲ್ಲು ನಾಟದು. ಯಾಸೀನನ ತಂದೆ ತಿಜೋರಿ ಮಾಡುತ್ತಿದ್ದವರು. ಕೀಲಿಯನ್ನು ಮೊದಲು ಯಜಮಾನನೇ ತಿರುಗಿಸಬೇಕು ಎಂಬುದು ಅವರ ರೂಢಿ. ಅದನ್ನೇ ಗೆಳೆಯರಿಬ್ಬರೂ ಉಳಿಸಿಕೊಂಡಿದ್ದರು. ಶೆಡ್ಡಿನಲ್ಲಿ ಯಾವ ಡಬ್ಬಿಗೂ ಮುಚ್ಚಳ ಹಾಕುತ್ತಿರಲಿಲ್ಲ. ಗಿರಾಕಿಯ ಮನೆಯಲ್ಲಿ, ಗಿರಾಕಿಯ ಕೈಯಿಂದಲೇ ಸ್ಕ್ರೂ ಬಿಗಿಸುತ್ತಿದ್ದರು.

ರಾಯಾಪುರದ ರತ್ನವ್ವ ಹಿತ್ತಲ ಕೋಣೆಯಲ್ಲಿ ಅಣಬೆ ಬೆಳೆಯುತ್ತಾಳೆ. ಮಂಜು ತಪ್ಪಿದರೆ ಬೆಳೆ ಬಾಡುತ್ತದೆಂದು ಆಕೆ ಊರು ಬಿಟ್ಟು ಕದಲಿದವಳೇ ಅಲ್ಲ. ಈಗ ಗದಗಿನಲ್ಲಿ ಚೊಚ್ಚಲ ಬಸುರಿ ಮಗಳು ಭಾಗ್ಯಶ್ರೀಯ ಕುಬುಸದ ಕಾರ್ಯ.

"ಕೋಣ್ಯಾಗ ಎಷ್ಟು ಹಸಿ ಐತಿ ಅಂತ ನನ್ನ ಫೋನಿನ್ಯಾಗ ಕಾಣಬೇಕು ತಮ್ಮಾ. ಅಲ್ಲಿಂದನ ಮಂಜು ಬಿಡೂವಂಗ ಆಗಬೇಕು. ಇಲ್ಲಂದ್ರ ನಾ ಹೋಗೂದಿಲ್ಲ," ಎಂದಿದ್ದಳು.

ಒಬ್ಬ ತಾಯಿ ಮಗಳ ಕುಬುಸ ತಪ್ಪಿಸಿಕೊಳ್ಳುವುದೆಂದರೇನು? ಶಶಿಕಾಂತ ಒಪ್ಪಿಕೊಂಡ. ಬೋರ್ಡಿಗೆ ಕೂಡಿಸುವ ವೈಫೈ ಮಾಡ್ಯೂಲಿಗಾಗಿ ಅದನ್ನು ಮಾರುವವನೊಬ್ಬನಿಗೆ ಫೋನು ಹಚ್ಚಿದ.

"ತಿಂಗಳಿಗೆ ಎಷ್ಟು ಸಾವಿರ ಪೀಸ್ ಬೇಕು ಸರ್?"

"ನಾಕು."

"ನಾಲ್ಕು ಸಾವಿರಾನಾ?"

"ಬರೇ ನಾಕ ರೀ."

ಆ ಕಡೆಯವನು ಫೋನಿಟ್ಟ. ಇನ್ನೊಬ್ಬ ಕಳಿಸಿದ, ಆದರೆ ತೋರಿಸಿದ್ದೊಂದು, ಬಂದದ್ದೊಂದು. ಬರೆದ ಪ್ರೋಗ್ರಾಮನ್ನೆಲ್ಲ ತಿರುಗಿ ಬರೆಯಬೇಕಾಯಿತು. ರೇಡಿಯೊ ಭಾಗವನ್ನು ತಾನೇ ಮಾಡೋಣವೆಂದರೆ ನಾಲ್ಕು ಡಬ್ಬಿಗಾಗಿ ಅದರ ಪರೀಕ್ಷೆ, ಪರವಾನಿಗೆ ಎಂದು ಅರ್ಧ ಆಯುಷ್ಯ ಹೋಗುತ್ತಿತ್ತು. ಕಡೆಗೊಂದು ಸಿದ್ಧ ಮಾಡ್ಯೂಲು ಸಿಕ್ಕಿತು. ಆಂಟೆನಾ ಅದರ ಮೈಮೇಲೆಯೇ ಅಚ್ಚಾಗಿತ್ತು. ಶೆಡ್ಡಿನಲ್ಲಿ ಮುತ್ತಿನಂತೆ ನಡೆಯಿತು.

ಕುಬುಸದ ಹಿಂದಿನ ದಿನ ಗೆಳೆಯರಿಬ್ಬರೂ ಡಬ್ಬಿಯನ್ನು ರಾಯಾಪುರಕ್ಕೆ ಒಯ್ದರು. ರತ್ನವ್ವ ಅದಕ್ಕೆ ಅರಿಷಿಣ ಕುಂಕುಮ ಹಚ್ಚಿ, ಸಕ್ಕರೆ ಹಂಚಿ, ಕೊನೆಯ ಸ್ಕ್ರೂ ಬಿಗಿಸಿದಳು. ಫೋನಿನಲ್ಲಿ ಕಾಣುತ್ತಿದ್ದ ಹಸಿಯ ಅಂಕಿ ಮಾಯವಾಯಿತು.

ಶಶಿಕಾಂತ ಮುಚ್ಚಳ ಬಿಚ್ಚಿದ. ಅಂಕಿ ಬಂತು. ಮುಚ್ಚಿದ. ಹೋಯಿತು. ಮನೆಯ ರೂಟರನ್ನು ಬೈದ, ಕರೆಂಟನ್ನು ಬೈದ, ಮಾಡ್ಯೂಲು ಮಾರಿದವನ ಮನೆತನವನ್ನೇ ಬೈದ. ಮತ್ತೆ ಬಿಚ್ಚಿದ.

"ನಮ್ಮ ಅತ್ತಿ ಹಿಂಗ ಇದ್ಲು," ಎಂದಳು ರತ್ನವ್ವ. "ಬಾಗಿಲಾ ಹಾಕಿದ್ರ ಮಾತ ಬಿಡ್ತಿದ್ಲು."

ಯಾಸೀನ ಬಾಗಿಲಿಗೆ ಒರಗಿ ನಿಂತಿದ್ದ. ಅವನನ್ನು ನೋಡಿ, ಅವನ ಡಬ್ಬಿಯನ್ನು ನೋಡಿ ಶಶಿಕಾಂತ ತಲೆಯ ಮೇಲೆ ಕೈ ಇಟ್ಟುಕೊಂಡ. ಉಕ್ಕು ರೇಡಿಯೊ ಅಲೆಗಳನ್ನು ಒಳಗೇ ಹಿಡಿದಿಡುತ್ತದೆಂದು ಅವನು ಕಾಲೇಜಿನಲ್ಲಿಯೇ ಓದಿದ್ದ. ಆದರೆ ಮುಚ್ಚಿದ ಡಬ್ಬಿಯನ್ನು ಪರೀಕ್ಷೆ ಮಾಡುವ ಪ್ರಸಂಗವೇ ಅವರ ಶೆಡ್ಡಿನಲ್ಲಿ ಬಂದಿರಲಿಲ್ಲ.

"ಮುಚ್ಚಳಕ್ಕ ಕಿಡಕಿ ಕೊರೀಬೇಕೋ ಯಾಸೀನ."

"ನನ್ನ ಡಬ್ಬೀಗಿ ತೂತು? ನಿನ್ನ ಸಾಮಾನು ಕಾಯಾಕಂತ ನಾ ದಪ್ಪ ತಗಡು ಹಾಕೇನಿ. ನಿನ್ನ ಸಾಮಾನಿಗೆ ಅದ ಬ್ಯಾಡಂತ?"

"ಡಬ್ಬಿ ಹೊರಗ ಹಚ್ಚೂ ಆಂಟೆನಾ ತರಿಸಾಕ ಎಂಟ ದಿನಾ ಬೇಕು. ಕುಬುಸ ನಾಳೆ ಐತಿ."

ಯಾಸೀನ ರತ್ನವ್ವನ ಮುಖ ನೋಡಿದ. ಗೂಟಕ್ಕೆ ತೂಗುಬಿಟ್ಟಿದ್ದ ಹೊಸ ಸೀರೆಯ ಚೀಲವನ್ನು ನೋಡಿದ. ಹೋಗಿ ಡ್ರಿಲ್ಲು ತಂದ. ತಗಡು ಕಿರುಚುವಾಗ ತನ್ನದೇ ಹಲ್ಲು ಕೀಳಿಸಿಕೊಂಡವನಂತೆ ಮುಖ ಕಿವುಚಿದ. ಅಣಬೆ ತುಂಬುವ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳವೊಂದನ್ನು ರತ್ನವ್ವ ಕೊಟ್ಟಳು. ಅದನ್ನು ಕಿಂಡಿಗೆ ಗಮ್ಮಿನಿಂದ ಅಂಟಿಸಿದರು. ಸ್ಕ್ರೂ ಬಿಗಿಸಿದರು. ಅಂಕಿ ಈ ಸಲ ಹೋಗದೆ ನಿಂತಿತು.

ಮರುದಿನ ಬಸ್ಸು ಹತ್ತುವಾಗ ರತ್ನವ್ವ ಕೋಣೆಯ ಕೀಲಿಯನ್ನು ಶಶಿಕಾಂತನ ಕೈಗಿತ್ತಳು. ಅದು ಯಾಕೆಂದು ಮಧ್ಯಾಹ್ನ ಆಕೆಯ ಫೋನು ಬಂದಾಗ ತಿಳಿಯಿತು.

"ತಮ್ಮಾ, ಫೋನಿನ್ಯಾಗ ಎಲ್ಲಾ ಛಲೋ ತೋರಸಾಕತ್ತೈತಿ. ಖರೇನ ಐತೇನ? ಒಮ್ಮೆ ಒಳಗ ಹೋಗಿ ಕೈ ಇಟ್ಟು ನೋಡಿ ಹೇಳಪಾ."

"ಅಕ್ಕಾರ, ನಾ ತಾರಿಹಾಳದಾಗ ಅದೇನಿ. ಕೈ ಇಡೂದು ತಪ್ಪಲಿ ಅಂತನ ಇಷ್ಟೆಲ್ಲಾ ಮಾಡಿದ್ದು."

"ಗೊತ್ತೈತಿ. ಆದ್ರೂ ನೋಡು. ನೀ ಹೇಳೂತನಕ ನನಗ ಆರತಿ ತಾಟು ಹಿಡಿಯಾಕ ಆಗವಲ್ದು."

ಗೊಣಗುತ್ತಲೇ ಶಶಿಕಾಂತ ರಾಯಾಪುರಕ್ಕೆ ಗಾಡಿ ಓಡಿಸಿದ. ಕೀಲಿ ತೆಗೆದು, ಮಂಜಿನೊಳಗೆ ನಿಂತು, ಬೆಳ್ಳಗೆ ಅರಳುತ್ತಿದ್ದ ಅಣಬೆಯ ಮೇಲೆ ಅಂಗೈ ಇಟ್ಟ. ತಂಪಾಗಿತ್ತು.

"ಖರೇ ಐತ್ರೀ ಅಕ್ಕಾರ. ಹಸೀನ ಐತಿ. ಹೋಗ್ರಿ, ಆರತಿ ಮಾಡ್ರಿ."

ಆ ಕಡೆಯಿಂದ ಹೆಂಗಸರ ಹಾಡು ಕೇಳಿಸಿತು. ಅದರ ನಡುವೆ ರತ್ನವ್ವನ ದನಿ: "ಅಲ್ಲೇ ಇರು ಮತ್ತ. ಊಟಕ್ಕ ಕುಂದ್ರೂ ಮುಂದ ಇನ್ನೊಮ್ಮೆ ಕೇಳ್ತೇನಿ."