ಸಂಜೆ ಐದಕ್ಕೆ ಏರುವ ಗೆರೆ

“ಯವ್ವಾ, ದಿನಾ ಸಂಜಿ ಐದಕ್ಕ ಏನ್ ಮಾಡ್ತಿ?” ವಿಜಯಪುರದ ಆಸ್ಪತ್ರೆಯಲ್ಲಿ ಡಾಕ್ಟರು ಮೊಬೈಲ್ ನೋಡುತ್ತ ಕೇಳಿದರು. ಇಬ್ರಾಹಿಂಪುರದಲ್ಲಿ ನಮ್ಮ ಪಕ್ಕದ ಮನೆಯ ಗಂಗವ್ವನಿಗೆ ಕ್ಯಾನ್ಸರ್ ಬೆನ್ನೆಲುಬಿಗೆ ಹಬ್ಬಿತ್ತು. ನೋವಿನ ಸುಳಿವು ಸಿಗಲೆಂದು ಆಕೆಯ ಮುಂಗೈಗೆ ಗಡಿಯಾರದಂಥ ಪಟ್ಟಿ ಕಟ್ಟಿದ್ದರು. ಅದು ಮೊಬೈಲಿಗೆ ಕಳಿಸಿದ ನಾಡಿಬಡಿತದ ಗೆರೆ ದಿನವೂ ಐದಕ್ಕೇ ಮೇಲೇರಿತ್ತು. ಯಾಕಿರಬಹುದೆಂದು, ಆಕೆಯ ಜೊತೆಗೆ ಬಂದಿದ್ದ ನಾನೂ ಬಗ್ಗಿ ನೋಡಿದೆ.

“ಏನಿಲ್ರಿ ಸಾಹೇಬ್ರ,” ಗಂಗವ್ವ ಸೆರಗು ಸರಿಮಾಡಿಕೊಂಡಳು. “ಆವಾಗ ಮಾತಾಡ್ಸಾಕ ಬರ್ತಾರ್ರಿ. ಬಂದವರ ಮುಂದ ಮಲಗಿದ್ರ ಹೆಂಗ್ರಿ? ಗ್ವಾಡಿ ಹಿಡ್ಕೊಂಡು ಎದ್ದು ಚಾ ಮಾಡ್ತೇನ್ರಿ.”

ದಿನಾ ಐದಕ್ಕೆ ಹೋಗಿ “ಆರಾಮ ಅದೀ?” ಎಂದು ಕೇಳಿ, ಆ ಚಹಾ ಕುಡಿದು ಬರುತ್ತಿದ್ದವಳು ನಾನೇ. ಈಗ ಚಹಾ ನಾನೇ ಮಾಡಿಕೊಂಡು ಒಯ್ಯುತ್ತೇನೆ. ಗಂಗವ್ವ ಮಲಗಿಯೇ ಮಾತಾಡುತ್ತಾಳೆ.