ಮಾಲಿಂಗಪ್ಪನ ಬಲಗಣ್ಣು

ಕೌಜಲಗಿ ಹೊರಗಿನ ಹೊಲವೊಂದರಲ್ಲಿ ಬೆಳಿಗ್ಗೆ ಏಳರ ಬಿಸಿಲು. ಕುರಿಹಟ್ಟಿಯ ಸುತ್ತ ಕಟ್ಟಿದ ಬಲೆ ಬಿಚ್ಚುವ ಮೊದಲು ಮಾಲಿಂಗಪ್ಪ ಕಂಬಳಿಯ ಮೇಲೆ ಅಂಗಾತ ಮಲಗುತ್ತಾನೆ. ಹೆಂಡತಿ ಕೆಂಪವ್ವ ಅವನ ಬಲಗಣ್ಣಿನ ರೆಪ್ಪೆ ಅಗಲಿಸಿ ಒಂದು ಹನಿ ಔಷಧ ಬಿಡುತ್ತಾಳೆ.

“ಮುಚ್ಚಬ್ಯಾಡ್ರಿ ಅಂದ್ರ ಮುಚ್ಚತೀರಿ. ಟಗರಿಗೆ ಔಷಧ ಕುಡಿಸೂದು ಇದಕ್ಕಿಂತ ಹಗುರ ಐತಿ.”

“ಟಗರಿಗೆ ನೀ ಇಷ್ಟು ಬೈಯಂಗಿಲ್ಲಲ್ಲ.”

ಊರೂರು ಅಲೆದು ಕುರಿ ಮೇಯಿಸುವ ಕುಲಗೋಡದ ಮಾಲಿಂಗಪ್ಪನಿಗೆ ಐವತ್ತೆರಡು ವರ್ಷ. ಅವನು ಕುರಿ ಎಣಿಸುವುದಿಲ್ಲ. ಮುಖ ನೋಡಿಯೇ ಯಾವುದು ಬಂದಿಲ್ಲವೆಂದು ಹೇಳುತ್ತಾನೆ. ಕಳೆದ ಬೇಸಿಗೆಯಲ್ಲಿ ಮರಿಗಳಿಗೆಂದು ಜಾಲಿಯ ಟೊಂಗೆ ಕಡಿಯುವಾಗ ಮುಳ್ಳೊಂದು ಎಡಗಣ್ಣನ್ನು ಆಳಕ್ಕೆ ಚುಚ್ಚಿತು. ಹೊಲಿಗೆ ಹಾಕಿದರೂ ನೋಟ ಮರಳಲಿಲ್ಲ. ಇನ್ನೊಂದು ಕಣ್ಣಿದೆಯಲ್ಲ ಎಂದು ಅವನು ಸಮಾಧಾನ ಮಾಡಿಕೊಂಡ.

ಎರಡು ತಿಂಗಳಿಗೆ ಆ ಬಲಗಣ್ಣೂ ಮಂಜಾಯಿತು. ಬಾಜೂ ಹಟ್ಟಿಯ ಕುರಿಯನ್ನು ತನ್ನದೆಂದು ಎಳೆದು ತಂದ ದಿನ ಅವನು ಹೆದರಿದ.

ಮೂಡಲಗಿಯ ಆಸ್ಪತ್ರೆಯಲ್ಲಿ ಕಣ್ಣು ತಪಾಸಣೆ ಮಾಡುವ ಶೈಲಾ ಕನ್ನಡಕ ಬರೆದುಕೊಟ್ಟು ಕಳಿಸಬಹುದಿತ್ತು. ಆಕೆ ಕೇಳಿದ್ದು ಬೇರೆ.

“ಕಾಕಾ, ಎಡಗಣ್ಣಿಗೆ ಮುಳ್ಳು ಚುಚ್ಚಿ ಎಷ್ಟು ದಿನಾತು?”

ಉತ್ತರ ಕೇಳಿದವಳೇ ಗೋಕಾಕದ ಕಣ್ಣಿನ ಡಾಕ್ಟರಿಗೆ ಫೋನ್ ಮಾಡಿ, ತಾನೇ ಅವನನ್ನು ಬಸ್ಸು ಹತ್ತಿಸಿದಳು.

ಡಾಕ್ಟರ್ ಕಾಶಿನಾಥ ಅವನಿಗೆ ತಿಳಿಯುವ ಹಾಗೆ ಹೇಳಿದರು: “ಕಣ್ಣಿನ ಒಳಗ ಕರೇ ಬಣ್ಣದ ಜೀವಕೋಶ ಇರ್ತಾವ. ಅವು ಬರೇ ಬೆಳಕು ಹೀರಂಗಿಲ್ಲ. ರೋಗದ ಜೋಡಿ ಬಡಿದಾಡೋ ನಮ್ಮ ಮೈಯಾಗಿನ ಕಾವಲಿಗೆ, ಇಲ್ಲಿ ಗದ್ದಲ ಬ್ಯಾಡ ಅಂತ ಹೇಳಿ ಸುಮ್ನ ಕೂಡಸ್ತಾವ.”

“ನಮ್ಮ ನಾಯಿ ನಮ್ಮ ಕುರಿ ಮೈಮ್ಯಾಗ ಹೋಗಂಗಿಲ್ಲ, ಹಂಗೇನ್ರಿ?”

“ಹಂಗ. ಮುಳ್ಳು ಚುಚ್ಚಿದಾಗ ಒಳಗಿನ ಸರಕು ಹೊರಗ ಬಂತು. ನಾಯಿಗೆ ಗುರುತು ಹತ್ತಲಿಲ್ಲ, ಪರಕೀ ಅಂತ ತಿಳೀತು. ಈಗ ಛಲೋ ಕಣ್ಣಾಗಿನ ಕರೇ ಕೋಶಗಳ್ನೂ ಕಡ್ಯಾಕತ್ತೈತಿ.”

ಪೆಟ್ಟಾದ ಸಾವಿರಾರು ಕಣ್ಣುಗಳಲ್ಲಿ ಅಪರೂಪಕ್ಕೆ ಒಂದೆರಡಕ್ಕೆ ಹೀಗಾಗುತ್ತದೆ. ತಡವಾದರೆ ಎರಡೂ ಹೋಗುತ್ತವೆ. ಕಾವಲನ್ನು ತಣ್ಣಗಾಗಿಸಲು ಗುಳಿಗೆ ಕೊಟ್ಟರು, ಗಂಟೆಗೊಮ್ಮೆ ಹಾಕಲು ಹನಿ ಕೊಟ್ಟರು.

ವಾರ ಕಳೆದು ಮೂಡಲಗಿಗೆ ಹೋದಾಗ ಶೈಲಾ ದೀಪ ಹಿಡಿದು ನೋಡಿ ಹುಬ್ಬು ಗಂಟಿಕ್ಕಿದಳು. ಮೊದಲೆರಡು ದಿನ ತುಸು ತಿಳಿಯಾಗಿದ್ದ ಕಣ್ಣಿಗೆ ಮಂಜು ಮತ್ತೆ ಕವಿದಿತ್ತು.

“ಹನಿ ಹಾಕ್ಕೊಳ್ಳಾಕತ್ತೀರಿಲ್ಲೋ?”

“ಮುಗದೈತವ್ವ. ನಾಕ್ ದಿನಾತು.”

“ಇಷ್ಟು ಲಗೂ? ಕುಡದೀರೇನು?”

ಅವನು ತಲೆ ಕೆರೆದುಕೊಂಡ. ಮೂರು ಕುರಿಗಳ ಕಣ್ಣು ಕೆಂಪಾಗಿ ನೀರು ಸೋರುತ್ತಿತ್ತು. ಹಟ್ಟಿಯಲ್ಲಿ ಬೇನೆ ಬಿದ್ದಾಗ ಔಷಧ ಎಲ್ಲಕ್ಕೂ ಒಂದೇ ಬಾಟಲಿಯಿಂದ. ತನ್ನ ಹನಿಯನ್ನೂ ಹಾಗೇ ಅವುಗಳಿಗೆ ಹಂಚಿದ್ದ.

“ಅವುಕ್ಕೂ ಕಣ್ಣಲ್ಲೇನವ್ವ? ನಾ ಒಬ್ನ ಹಾಕ್ಕೊಂಡ್ರ ಹೆಂಗ?”

ಶೈಲಾಳಿಗೆ ನಗು ಬಂತು. ನಕ್ಕು ಮುಗಿಸಿ ಗಟ್ಟಿಯಾಗಿಯೇ ಹೇಳಿದಳು: “ಕುರಿಗೆ ದನದ ಡಾಕ್ಟರ್ ಅದಾರ. ನಿಮಗಿರೂದು ಇದೊಂದ ಕಣ್ಣು, ಕಾಕಾ.” ಅಂದೇ ಹೊಸ ಬಾಟಲಿ ಕೊಡಿಸಿದಳು. ಮುಂದಿನ ಹದಿನೈದು ದಿನ ಕೆಂಪವ್ವನಿಗೆ ಫೋನ್ ಮಾಡಿ ಹನಿ ಹಾಕಿದ್ದಾಯಿತೇ ಎಂದು ಕೇಳಿದಳು. ತಿಂಗಳಾಗುವಷ್ಟರಲ್ಲಿ ಮಾಲಿಂಗಪ್ಪ ಹೊಲದ ಈ ಬದುವಿನಿಂದ ಆ ಬದುವಿನಲ್ಲಿದ್ದ ಕಿವಿ ಹರಿದ ಕುರಿಯನ್ನು ಗುರುತಿಸಿದ.

ರಾತ್ರಿ ಕುರಿ ನಿಲ್ಲಿಸಿದ ಹೊಲಕ್ಕೆ ಅವುಗಳ ಹಿಕ್ಕೆಯೇ ಸಾಕು, ಬೇರೆ ಗೊಬ್ಬರ ಬೇಡ. ಅದಕ್ಕಾಗಿ ರೈತರು ತಿಂಗಳ ಮೊದಲೇ ಹೇಳಿಡುತ್ತಾರೆ. ಶೈಲಾಳ ತವರು ಹುಕ್ಕೇರಿ ಕಡೆ ಎಂದು ಮಾಲಿಂಗಪ್ಪ ವಿಚಾರಿಸಿ ತಿಳಿದುಕೊಂಡ.

“ನಿಮ್ಮಪ್ಪನ ಹೊಲದಾಗ ಕುರಿ ನಿಲ್ಲಸ್ತೀನವ್ವ.”

“ಬ್ಯಾಡ್ರಿ ಕಾಕಾ. ನಾ ನನ್ನ ಕೆಲಸ ಮಾಡೇನಿ.”

“ನಾನೂ ನನ್ನ ಕೆಲಸಾನ ಮಾಡತೀನಿ.”

ಗುಳಿಗೆ ಇನ್ನೂ ಕೆಲವು ತಿಂಗಳು ನಡೆಯಬೇಕು. ಸೋಮವಾರ ಗೋಕಾಕದಲ್ಲಿ ತಪಾಸಣೆ. ಮಂಗಳವಾರ ಹಟ್ಟಿ ಹುಕ್ಕೇರಿಯ ದಾರಿ ಹಿಡಿಯುತ್ತದೆ.