ಮೀಟರಿಗೊಮ್ಮೆ ಏಳುತ್ತಿದ್ದ ಸುಮತಿಯಕ್ಕ

ಸುಮತಿಯಕ್ಕ ಬಟ್ಟೆ ಅಳೆಯುವುದನ್ನು ಮೊದಲ ಸಲ ನೋಡಿದವರಿಗೆ ನಗು ಬರುತ್ತಿತ್ತು. ಕಬ್ಬಿಣದ ಮೀಟರ್ ಕೋಲಿಗೆ ಬಟ್ಟೆ ಹಿಡಿದು ಎಳೆಯುವಾಗ ಅವರ ಎರಡೂ ಹಿಮ್ಮಡಿಗಳು ನೆಲ ಬಿಟ್ಟು ಏಳುತ್ತಿದ್ದವು. ಬಟ್ಟೆ ಮಡಚಿ ಕೆಳಗಿಟ್ಟಾಗ ಅವೂ ಇಳಿಯುತ್ತಿದ್ದವು. ಎರಡೂವರೆ ಮೀಟರ್ ಚೂಡಿದಾರ್ ಬಟ್ಟೆಗೆ ಎರಡೂವರೆ ಸಲ. ಆ ಅರ್ಧವನ್ನೂ ಅವರು ಬಿಡುತ್ತಿರಲಿಲ್ಲ. ಪಾಪ, ಕೈ ಎಟುಕುವುದಿಲ್ಲ ಎಂದುಕೊಂಡು ಗಿರಾಕಿಗಳು ಸುಮ್ಮನಿರುತ್ತಿದ್ದರು. ನಮ್ಮಲ್ಲೆಲ್ಲ ಎತ್ತರದ ಹೆಂಗಸು ಅವರೇ ಎಂಬುದು ಯಾರ ಗಮನಕ್ಕೂ ಬಂದಂತಿರಲಿಲ್ಲ.

ಮೂಡುಬಿದಿರೆಯ ಆ ಜವಳಿ ಅಂಗಡಿಯ ಕೆಲಸಕ್ಕೆ ನಾನು ಸಿದ್ಧಕಟ್ಟೆಯಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ, ಈಗಲೂ ಹಾಗೆಯೇ. ಗಂಡನದು ಗಾರೆ ಕೆಲಸ. ಮಳೆಗಾಲದಲ್ಲಿ ಅದು ನಿಂತೇ ಹೋಗುವುದರಿಂದ ನನ್ನ ಸಂಬಳವಿಲ್ಲದೆ ಮನೆ ನಡೆಯುತ್ತಿರಲಿಲ್ಲ. ಅಂಗಡಿಯ ಧಣಿಗೆ ಎರಡು ಹಟಗಳಿದ್ದವು. ಲಕ್ಷ್ಮಿ ಇರುವ ಜಾಗಕ್ಕೆ ಯಾರೂ ಚಪ್ಪಲಿ ಹಾಕಿಕೊಂಡು ಬರಬಾರದು. ಕೆಲಸದವರು ಕುಳಿತುಕೊಳ್ಳಬಾರದು, ಕುಳಿತರೆ ಇಲ್ಲಿ ವ್ಯಾಪಾರವಿಲ್ಲವೆಂದು ಗಿರಾಕಿ ತಿಳಿಯುತ್ತಾರೆ. ಹೀಗಾಗಿ ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಎಂಟರವರೆಗೆ ನಾವು ಎಂಟು ಹೆಂಗಸರು ಗ್ರಾನೈಟ್ ನೆಲದ ಮೇಲೆ ಬರಿಗಾಲಲ್ಲಿ ನಿಂತಿರುತ್ತಿದ್ದೆವು.

ಎರಡನೆಯ ತಿಂಗಳಿಗೆ ನನ್ನ ಎಡ ಹಿಮ್ಮಡಿ ನೋಯಲು ಶುರುವಾಯಿತು. ಹಾಸಿಗೆಯಿಂದ ಕಾಲಿಳಿಸಿದರೆ ಮುಳ್ಳಿನ ಮೇಲೆ ಊರಿದ ಹಾಗೆ. ನೋವು ಅಲ್ಲಿಂದ ಮೊಣಕಾಲಿಗೆ, ಸೊಂಟಕ್ಕೆ, ಕೊನೆಗೆ ಕುತ್ತಿಗೆಗೂ ಹತ್ತಿತು. ಒಂದು ಮಧ್ಯಾಹ್ನ ತಡೆಯಲಾಗದೆ ಲುಂಗಿಗಳ ಕಟ್ಟಿನ ಮೇಲೆ ಕುಳಿತುಬಿಟ್ಟೆ. ಧಣಿ ನೋಡಿದರು. ಇನ್ನೊಮ್ಮೆ ಹೀಗೆ ಕಂಡರೆ ಮನೆಯಲ್ಲೇ ಕುಳಿತುಕೊಳ್ಳಬಹುದು ಎಂದರು. ಕೆಲಸ ಬಿಡುವುದೆಂದು ನಾನೂ ಮನಸ್ಸಿನಲ್ಲೇ ನಿಶ್ಚಯ ಮಾಡಿಕೊಂಡೆ. ಗಂಡನಿಗೆ ಹೇಗೆ ಹೇಳುವುದು ಎಂಬುದಷ್ಟೇ ಬಾಕಿಯಿತ್ತು.

ಮರುದಿನ ಊಟದ ಹೊತ್ತಿಗೆ ಸುಮತಿಯಕ್ಕ ನನ್ನನ್ನು ಹಿಂದಿನ ಸ್ಟಾಕ್ ರೂಮಿಗೆ ಕರೆದರು. ನೆಲದ ಮೇಲೆ ಕುಳಿತು, ಕಾಲು ತಾ ಎಂದು ತಮ್ಮ ಮಡಿಲು ತೋರಿಸಿದರು. ನಾನು ಹಿಂದೆ ಸರಿದೆ. ತಾಯಿಯ ಪ್ರಾಯದವರ ಮಡಿಲಲ್ಲಿ ಕಾಲಿಡುವುದೆಂದರೇನು?

"ಪಾಪ ಬರ್ತದೆ ಅಂತ ಹೆದರಿಕೆಯಾ? ಬಂದ್ರೆ ನನಗೆ ಬರಲಿ. ನೀನು ಕಾಲು ಇಡು ಮಾರಾಯ್ತಿ, ಊಟದ ಹೊತ್ತು ಮುಗೀತದೆ" ಎಂದರು.

ಅವರು ನನ್ನ ಅಂಗಾಲನ್ನು ತಿರುಗಿಸಿ, ಒತ್ತಿ, ಬೆರಳ ಸಂದುಗಳನ್ನು ಬಿಡಿಸಿ ನೋಡಿದರು. ಸೀರೆಯ ಸೆರಗಿನಲ್ಲಿ ನೇಯ್ಗೆಯ ತಪ್ಪು ಹುಡುಕುವಾಗಲೂ ಅವರ ಮುಖ ಹೀಗೆಯೇ ಇರುತ್ತಿತ್ತು. ಹಿಂದೊಮ್ಮೆ ಸೊಂಟನೋವಿಗೆ ಆಸ್ಪತ್ರೆಯಲ್ಲಿ ಹತ್ತು ದಿನ ವ್ಯಾಯಾಮ ಕಲಿತವರು ಅವರು. "ಅಲ್ಲಿ ಹೇಳಿಕೊಟ್ಟದ್ದು ಹದಿನೈದು. ನಾನು ಮಾಡುವುದು ನಾಲ್ಕು. ಹದಿನೈದು ಮಾಡ್ತೇನೆ ಅಂತ ಹೇಳಿದವರು ಒಂದೂ ಮಾಡುವುದಿಲ್ಲ" ಎನ್ನುತ್ತಿದ್ದರು. ಏಳುವ ಮೊದಲು ಹಾಸಿಗೆಯಲ್ಲೇ ಕಾಲ್ಬೆರಳುಗಳನ್ನು ಮೈಕಡೆ ಎಳೆದು ಹಿಡಿಯುವುದು, ಗೋಡೆಗೆ ಕೈಯೂರಿ ಮೀನಖಂಡವನ್ನು ಚಾಚುವುದು, ಬಟ್ಟೆ ಸುತ್ತಿ ಬರುವ ರಟ್ಟಿನ ಕೊಳವೆಯನ್ನು ಅಂಗಾಲಡಿ ಇಟ್ಟು ಹಿಂದೆ ಮುಂದೆ ಉರುಳಿಸುವುದು. ನಾಲ್ಕನೆಯದು ಬಟ್ಟೆ ಅಳೆಯುವಾಗ ಮೀಟರಿಗೊಮ್ಮೆ ಹಿಮ್ಮಡಿ ಎತ್ತಿ ಏಳುವುದು. ರಾತ್ರಿ ಉಗುರು ಬೆಚ್ಚಗಿನ ನೀರಿನಲ್ಲಿ ಕಾಲು ತೊಳೆದು, ಸಂದುಗಳನ್ನು ಒರೆಸಿ, ಹಿಮ್ಮಡಿಗೆ ತೆಂಗಿನೆಣ್ಣೆ ಹಚ್ಚಬೇಕು. ನಾನು ಮೊದಲ ವಾರ ಅವರ ಕಾಟಕ್ಕೆ ಮಾಡಿದೆ. ಆಮೇಲೆ ನನಗಾಗಿಯೇ ಮಾಡಿದೆ.

ಅಂಗಡಿಯ ನೆಲ ಮಾತ್ರ ಹಾಗೆಯೇ ಉಳಿದಿತ್ತು. ಒಂದು ಸೋಮವಾರ ಸುಮತಿಯಕ್ಕ ವೇಣೂರಿನ ತಮ್ಮ ಮನೆಯಿಂದ ದೊಡ್ಡ ಚೀಲವೊಂದನ್ನು ಹೊತ್ತು ಬಂದರು. ಒಳಗಿದ್ದುದು ಹಟ್ಟಿಯಲ್ಲಿ ದನಗಳಿಗೆ ಹಾಸುವ ರಬ್ಬರ್ ಮ್ಯಾಟಿನ ತುಂಡು. ಉಜ್ಜಿ ತೊಳೆದಿದ್ದರು, ಆದರೆ ಸೆಗಣಿಯ ವಾಸನೆ ಅಷ್ಟು ಸುಲಭಕ್ಕೆ ಬಿಡುವಂಥದಲ್ಲ. ಕೌಂಟರಿನ ಹಿಂದೆ ನನ್ನ ಜಾಗದಲ್ಲಿ ಹಾಸಿ, ನಿಲ್ಲು ಎಂದರು. ರೇಷ್ಮೆ ಸೀರೆಗಳ ನಡುವೆ ಮೂಗರಳಿಸುತ್ತ ಬಂದ ಧಣಿ ಇದೆಂಥ ವಾಸನೆ ಎಂದು ಕೇಳಿದರು. ಇನ್ನು ನನ್ನ ಕಥೆ ಮುಗಿಯಿತು ಎಂದುಕೊಂಡೆ.

"ಹಟ್ಟಿಯ ಮ್ಯಾಟ್ ಧಣಿ" ಎಂದರು ಸುಮತಿಯಕ್ಕ, ಬಟ್ಟೆ ಅಳೆಯುತ್ತಲೇ. "ಕಾಂಕ್ರೀಟಿನಲ್ಲಿ ನಿಂತು ನಿಂತು ನಮ್ಮ ದನದ ಕಾಲು ಊದಿತ್ತು. ಇದು ಹಾಕಿದ ಮೇಲೆ ಕಮ್ಮಿ ಆಯ್ತು. ಇವಳದ್ದೂ ಹಾಗೇ ಉಂಟು."

ನನ್ನನ್ನು ದನಕ್ಕೆ ಹೋಲಿಸಿದ್ದಕ್ಕೆ ಸಿಟ್ಟು ಬಂತು. ಧಣಿ ಮ್ಯಾಟನ್ನೂ ನನ್ನನ್ನೂ ನೋಡಿದರು. ಫಿನಾಯಿಲ್ ಹಾಕಿ ಇನ್ನೊಮ್ಮೆ ತೊಳೆಯಿರಿ ಎಂದಷ್ಟೇ ಹೇಳಿ ಗಲ್ಲಾಪೆಟ್ಟಿಗೆಗೆ ಹೋದರು. ಹದಿನೈದು ದಿನ ಕಳೆದು ಬೆಳ್ತಂಗಡಿಯಿಂದ ಹೊಸ ಮ್ಯಾಟುಗಳು ಬಂದವು, ಎಲ್ಲರಿಗೂ ಒಂದೊಂದು. ಕುರ್ಚಿ ಮಾತ್ರ ಇವತ್ತಿಗೂ ಬಂದಿಲ್ಲ. ನನ್ನ ನೋವು ಮೂರು ತಿಂಗಳಲ್ಲಿ ಮುಕ್ಕಾಲು ಇಳಿಯಿತು. ಕೆಲಸ ಉಳಿಯಿತು.

ಆ ಮೇಲಿನ ವರ್ಷಗಳಲ್ಲಿ ಊಟದ ಹೊತ್ತಿನ ಸ್ಟಾಕ್ ರೂಮು ಸಣ್ಣ ಆಸ್ಪತ್ರೆಯೇ ಆಯಿತು. ಯಾರಿಗೆ ಎಲ್ಲಿ ನೋವಿದ್ದರೂ ಸುಮತಿಯಕ್ಕ ಮೊದಲು ಕಾಲು ನೋಡುತ್ತಿದ್ದರು. ಅವರಿಗೆ ಮಾತ್ರ ಯಾವ ನೋವೂ ಇರಲಿಲ್ಲ. ಅದೇ ನಮಗೆ ಅವರ ವಿದ್ಯೆಯ ಸಾಕ್ಷಿಯಾಗಿತ್ತು. ಒಂದು ಸಂಜೆ ಬಸ್ ನಿಲ್ದಾಣಕ್ಕೆ ಹೋಗುವಾಗ ಅವರ ಎಡಗಾಲಿನ ಚಪ್ಪಲಿ ದಾರಿಯಲ್ಲೆಲ್ಲೋ ಕಳಚಿತ್ತು. ಬಸ್ಸಿಗೆ ಹತ್ತುವಾಗ ನಾನು ತೋರಿಸಿದ ಮೇಲೆಯೇ ಅವರಿಗೆ ಗೊತ್ತಾದದ್ದು. ವೇಣೂರಿನ ಬಸ್ಸು ತಪ್ಪುವ ಗಡಿಬಿಡಿ ಎಂದು ಇಬ್ಬರೂ ನಕ್ಕೆವು.

ಮದುವೆ ಸೀಸನ್ನಿನ ಒಂದು ದಿನ ಹೊಸ ಸೀರೆಗಳ ಕಟ್ಟು ಬಿಚ್ಚುತ್ತಿದ್ದೆವು. ಸೀರೆಗೆ ಚುಚ್ಚಿರುವ ಗುಂಡುಪಿನ್ನುಗಳು ಎಷ್ಟು ಹೆಕ್ಕಿದರೂ ನೆಲದಲ್ಲಿ ಒಂದೆರಡು ಉಳಿಯುತ್ತವೆ. ಬರಿಗಾಲಿನವರಿಗೆ ಚುಚ್ಚುತ್ತವೆ, ನಾವು ಬೈದುಕೊಂಡು ಕಿತ್ತುಕೊಳ್ಳುತ್ತೇವೆ. ಸುಮತಿಯಕ್ಕ ನನ್ನ ಮುಂದೆ ಏಣಿ ಹತ್ತುತ್ತಿದ್ದರು. ಅವರ ಅಂಗಾಲಿನಲ್ಲಿ ಪಿನ್ನೊಂದು ತಲೆಯವರೆಗೂ ಇಳಿದಿತ್ತು. ಅದರ ಮೇಲೆಯೇ ಅವರು ಎಷ್ಟು ಹೊತ್ತು ಓಡಾಡಿದ್ದರೋ. ನಾನು ಕೂಗಿದೆ. ಅವರು ಕೆಳಗಿಳಿದು, ಕಿತ್ತು ನೋಡಿ, ಆಶ್ಚರ್ಯಪಟ್ಟರು.

"ನೋಡು, ನನಗೆ ಗೊತ್ತೇ ಆಗ್ಲಿಲ್ಲ. ವ್ಯಾಯಾಮ ಮಾಡಿದ ಕಾಲು ಇದು" ಎಂದರು.

ನಾವು ಏಳು ಜನರೂ ಹೌದೆಂದು ತಲೆಯಾಡಿಸಿದೆವು. ನನಗಂತೂ ಹೆಮ್ಮೆಯೇ ಆಯಿತು. ನನ್ನ ಕಾಲೂ ಒಂದು ದಿನ ಅಷ್ಟು ಗಟ್ಟಿಯಾಗಲಿ ಎಂದು ಆಸೆಪಟ್ಟೆ. ಈಗ ಆ ಮಾತು ನೆನಪಾದರೆ ನನ್ನ ಬಗ್ಗೆಯೇ ನನಗೆ ನಾಚಿಕೆಯಾಗುತ್ತದೆ.

ಮೂರು ವಾರ ಕಳೆದು ಅವರು ಜ್ವರವೆಂದು ರಜೆ ಹಾಕಿದರು. ಆಸ್ಪತ್ರೆಯಲ್ಲಿ ತಿಳಿಯಿತು, ಅವರಿಗೆ ಸಕ್ಕರೆ ಕಾಯಿಲೆ ಎಷ್ಟೋ ವರ್ಷದಿಂದಿತ್ತು, ಪರೀಕ್ಷೆಯನ್ನೇ ಮಾಡಿಸಿರಲಿಲ್ಲ. ಅಂಗಾಲಿನ ಸ್ಪರ್ಶಜ್ಞಾನವೇ ಸತ್ತು ಹೋಗಿತ್ತು. ಎಡಗಾಲಿನಲ್ಲಿ ಹುಣ್ಣಾಗಿ, ಒಳಗೊಳಗೇ ಹರಡಿ, ಎರಡು ಬೆರಳು ತೆಗೆಯಬೇಕಾಯಿತು. ಅದು ಆ ಪಿನ್ನಿನದೇ ಗಾಯವೋ ಬೇರೆಯದೋ, ವೈದ್ಯರಿಗೂ ಹೇಳಲಾಗಲಿಲ್ಲ. ಅಷ್ಟು ವರ್ಷ ನಮ್ಮೆಲ್ಲರ ಪಾದ ತಿರುಗಿಸಿ ನೋಡಿದವರ ಪಾದವನ್ನು ನಮ್ಮಲ್ಲೊಬ್ಬರೂ ಒಂದು ದಿನ ತಿರುಗಿಸಿ ನೋಡಿರಲಿಲ್ಲ.

ಕೊನೆಯ ಸಲ ನಾನು ವೇಣೂರಿಗೆ ಹೋದಾಗ ಅವರು ಜಗಲಿಯ ಕುರ್ಚಿಯಲ್ಲಿದ್ದರು. ತುಂಬ ಸೋತಿದ್ದರು, ಎಡಗಾಲಿಗೆ ಬಟ್ಟೆ ಸುತ್ತಿತ್ತು. ನಾನು ಕೆಳಗೆ ಕುಳಿತು ಅವರ ಇನ್ನೊಂದು ಕಾಲನ್ನು ನನ್ನ ಮಡಿಲಿಗೆ ಎತ್ತಿಕೊಂಡೆ. ಅವರು ಬೇಡವೆಂದರು, ನಾನು ಕೇಳಲಿಲ್ಲ. ಬೆರಳ ಸಂದುಗಳನ್ನು ಒಂದೊಂದಾಗಿ ನೋಡಿದೆ. ಉಗುರಿನಿಂದ ಅಂಗಾಲನ್ನು ಒತ್ತಿದೆ. ಅವರು ಅಂಗಳದಲ್ಲಿ ಒಣಗಲು ಹಾಕಿದ್ದ ಅಡಿಕೆ ನೋಡುತ್ತಿದ್ದರು. ನಾನು ಒತ್ತುತ್ತಿರುವುದು ಅವರಿಗೆ ತಿಳಿಯಲೇ ಇಲ್ಲ. ನನಗೆ ಅಳು ಬಂತು. ತಲೆ ಎತ್ತಲಿಲ್ಲ.

ಅವರು ಅಡಿಕೆ ನೋಡುತ್ತಲೇ ಕೇಳಿದರು:

"ನಿನ್ನ ಹಿಮ್ಮಡಿ ಈಗ ಹೇಗುಂಟು?"

"ಬೆಳಿಗ್ಗೆ ಏಳುವಾಗ ಒಂಚೂರು ನೋವಾಗ್ತದೆ ಅಕ್ಕ. ಪೂರ್ತಿ ಹೋಗಲಿಲ್ಲ."

"ಆಗಲಿ" ಎಂದರು ಸುಮತಿಯಕ್ಕ. "ನಿನಗೆ ನೋವು ಗೊತ್ತಾಗ್ತದಲ್ಲ."

ಆ ವರ್ಷದ ಮಳೆಗಾಲ ಮುಗಿಯುವ ಮೊದಲೇ ಅವರು ತೀರಿಕೊಂಡರು. ನಾನೀಗಲೂ ಅದೇ ಕೌಂಟರಿನಲ್ಲಿ, ಅದೇ ಮ್ಯಾಟಿನ ಮೇಲೆ ನಿಲ್ಲುತ್ತೇನೆ, ಮೀಟರಿಗೊಮ್ಮೆ ಏಳುತ್ತೇನೆ. ಬೆಳಿಗ್ಗೆ ಹಾಸಿಗೆಯಿಂದ ಕಾಲಿಳಿಸಿದಾಗ ಹಿಮ್ಮಡಿ ಚುರ್ರೆಂದರೆ ಮೊದಲು ಸಮಾಧಾನವಾಗುತ್ತದೆ, ಆಮೇಲೆ ಅವರ ನೆನಪಾಗುತ್ತದೆ.